ಅರ್ಥ ಕೇಳದ ಮನೆ

ಮದ್ದೂರಿನಲ್ಲಿ ನಾವಿದ್ದ ಮನೆಗೆ ಎರಡೇ ಕೋಣೆ. ಮುಂದಿನದರಲ್ಲಿ ಅಬ್ಬಾನ ಸಾಮಾನು, ಹಿಂದಿನದರಲ್ಲಿ ನಾವು. ಅಬ್ಬಾ ಎತ್ತುಗಳಿಗೆ ಲಾಳ ಕಟ್ಟುತ್ತಿದ್ದರು. ಗೋಡೆಯ ಗೂಟಗಳಲ್ಲಿ ಎತ್ತು ಕೆಡವುವ ಹಗ್ಗದ ಸುರುಳಿಗಳು, ಗೊರಸು ಕೆತ್ತುವ ಉಳಿ, ಇಕ್ಕಳ, ಸುತ್ತಿಗೆ. ಮೂಲೆಯ ತಗಡಿನ ಡಬ್ಬಗಳಲ್ಲಿ ಲಾಳ ಮತ್ತು ಮೊಳೆ. ಆ ಕಬ್ಬಿಣದ ನಡುವೆಯೇ ಒಂದು ಚಾಪೆಯಗಲದ ಜಾಗವನ್ನು ಅಬ್ಬಾನ ತಾಯಿ, ನನ್ನ ದಾದಿ, ದಿನವೂ ಗುಡಿಸಿ ಒರೆಸಿ ನಮಾಜಿಗೆಂದು ಬಿಡಿಸಿಟ್ಟಿದ್ದಳು. ಅಡುಗೆಮನೆ ಅಂತ ಬೇರೆ ಇರಲಿಲ್ಲ. ಹಿತ್ತಿಲಿಗೆ ಇಳಿಸಿದ ಹೆಂಚಿನ ಕೆಳಗೆ ಒಲೆ. ಒಣಗಿದ ಕಬ್ಬಿನ ತರಗೇ ನಮ್ಮ ಸೌದೆ. ತರಗು ಭರ್ ಎಂದು ಉರಿದು ಅಷ್ಟೇ ಬೇಗ ಆರಿಹೋಗುತ್ತದೆ, ಅದಕ್ಕೆ ಒಬ್ಬರು ಒಲೆಯ ಬಾಯಲ್ಲೇ ಕೂತು ತುರುಕುತ್ತಿರಬೇಕು. ಆ ಒಬ್ಬರು ನಾನು. ಅಮ್ಮಿ ಮುದ್ದೆ ತೊಳಸುವಾಗ ನನ್ನ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಸೊಪ್ಪಿನ ಸಾರು, ಮುದ್ದೆ, ಕೈಗೂಡಿದ ಶುಕ್ರವಾರ ಒಂದಿಷ್ಟು ಮಾಂಸ. ಹೊಟ್ಟೆ ತುಂಬಿಸಿಕೊಂಡು ಮಲಗುತ್ತಿದ್ದೆವು, ಅದನ್ನು ನಾನು ಮರೆತಿಲ್ಲ. ಮನೆಯೊಳಗಿನ ಮಾತು ಉರ್ದು, ಜಗಲಿ ಇಳಿದರೆ ಕನ್ನಡ. ಇಷ್ಟು ವರ್ಷ ಕನ್ನಡದ ನಡುವೆಯೇ ಸಂಸಾರ ಮಾಡಿದ ಮೇಲೆ ನನ್ನ ನೆನಪಿನಲ್ಲಿ ಎರಡೂ ಕಲೆತುಹೋಗಿವೆ, ಆದ್ದರಿಂದ ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತೇನೆ.

ಕಬ್ಬು ಕಡಿಯುವ ಕಾಲ ಬಂತೆಂದರೆ ಮಂಡ್ಯದ ಸಕ್ಕರೆ ಫ್ಯಾಕ್ಟರಿಗೆ ಹೋಗುವ ಗಾಡಿಗಳು ನಮ್ಮ ಮುಂದಿನ ರಸ್ತೆ ಹಿಡಿಯುತ್ತಿದ್ದವು. ಟಾರು ರಸ್ತೆಗೆ ಗೊರಸು ಸವೆದು ಎತ್ತು ಕುಂಟುತ್ತದೆ. ಹಾಗಾಗಿ ಬೆಳಗಾದರೆ ನಮ್ಮ ಬಾಗಿಲಲ್ಲಿ ಎತ್ತುಗಳ ಸಾಲು. ಕಾಲಿಗೆ ಹಗ್ಗ ಸುತ್ತಿ, ಒಂದು ಕಡೆಯಿಂದ ಎಳೆದು, ಅಷ್ಟು ದೊಡ್ಡ ಪ್ರಾಣಿಯನ್ನು ಅಬ್ಬಾ ಮಗುವನ್ನು ಮಲಗಿಸಿದಂತೆ ನೆಲಕ್ಕೆ ಒರಗಿಸುತ್ತಿದ್ದರು. ಮೊದಲನೇ ಮೊಳೆಗೆ ಮುಂಚೆ ಬಿಸ್ಮಿಲ್ಲಾ ಅನ್ನುವರು. ಮೊಳೆ ಒಂದು ಕೂದಲಷ್ಟು ಒಳಗೆ ಹೋದರೂ ಎತ್ತಿಗೆ ಜೀವದ ನೋವು, ಬೇಸಾಯಗಾರನಿಗೆ ಒಂದು ಹಂಗಾಮಿನ ನಷ್ಟ. ಎತ್ತು ಕೆಡವಿಸಿಕೊಳ್ಳುವುದೆಂದರೆ ಮನೆಯ ಜೀವವನ್ನು ಇನ್ನೊಬ್ಬನ ಕೈಗೆ ಒಪ್ಪಿಸಿದ ಹಾಗೆ. ಚಿಕ್ಕರಸಿನಕೆರೆಯ ಬೋರೇಗೌಡರು ಅಬ್ಬಾನ ಕೈ ಬಿಟ್ಟು ಬೇರೆಯವರ ಹತ್ತಿರ ಹೋದವರಲ್ಲ. ಅವರ ತಂದೆಯೂ ನನ್ನ ತಾತನ ಹತ್ತಿರವೇ ಬರುತ್ತಿದ್ದರಂತೆ. ಗೌಡರು ಎತ್ತಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕತ್ತಿನಡಿ ಜೋಲುವ ಗಂಗೆದೊಗಲು ನೀವುತ್ತಾ ಅಮ್ಮಿಯ ತಮ್ಮ ಇಸ್ಮಾಯಿಲನನ್ನು ರೇಗಿಸುತ್ತಿದ್ದರು.

"ಲೇ ಇಸ್ಮಾಯಿಲ, ನೀ ಸುತ್ಗೆ ಎತ್ತಿದ್ರೆ ಎತ್ಗಿಂತ ಮೊದ್ಲು ನಂಗೇ ನಡುಕ ಬತ್ತದೆ ಕಣ್ಲಾ. ನಿಮ್ ಬಾವುನ್ನ ಕರಿ."

"ಸುಮ್ನೆ ಕೂತ್ಕೊಳ್ಳಿ ಗೌಡ್ರೇ, ನೀವು ಒದೀತಾ ಇದ್ದೀರ, ಎತ್ತಲ್ಲ."

"ನೋಡುದ್ರಾ ಸಾಬ್ರೇ, ನಿಮ್ ಬಾಮೈದ ನಂಗೂ ಲಾಳ ಕಟ್ಬುಡ್ತಾನೆ."

ಇಸ್ಮಾಯಿಲ್ ಮಾಮು ಮಳವಳ್ಳಿಯವನು, ಕೆಲಸ ಕಲಿಯಲೆಂದು ನಮ್ಮಲ್ಲಿದ್ದ. ತಾಯಿ ಸತ್ತಾಗ ಅವನು ಹಾಲು ಕುಡಿಯುವ ಕೂಸು, ಅಮ್ಮಿಯೇ ಎತ್ತಿ ಆಡಿಸಿ ಬೆಳೆಸಿದ್ದಳು. ಅವನ ಗಂಟಲಿನ ವಿಷಯ ಹೇಳಬೇಕು. ಬೆಳಗಿನ ನಮಾಜ್ ಮುಗಿಸಿ ಅವನು ಅರಬ್ಬಿ ಓದಲು ಕೂತರೆ ರಸ್ತೆಯಲ್ಲಿ ಹೋಗುವ ಗಾಡಿಯವರೂ ಹಗ್ಗ ಬಿಗಿಹಿಡಿದು ಒಂದು ಗಳಿಗೆ ನಿಲ್ಲುತ್ತಿದ್ದರು. ಚಿಕ್ಕ ವಯಸ್ಸಿನಲ್ಲಿ ಅವನು ಮೊದಲ ಸಲ ಧರ್ಮಗ್ರಂಥದ ಓದು ಪೂರೈಸಿದಾಗ ಮಳವಳ್ಳಿಯಲ್ಲಿ ಅವನಿಗೆ ಹಣೆಗೆ ಹೂವಿನ ಸೆಹರಾ ಕಟ್ಟಿ, ಜಟಕಾದಲ್ಲಿ ಕೂರಿಸಿ, ಬೀದಿಯಲ್ಲೆಲ್ಲ ಮೆರೆಸಿ ಸಕ್ಕರೆ ಹಂಚಿದ್ದರು. ಅಮ್ಮಿ ಆ ಕಥೆಯನ್ನು ಮುದ್ದೆ ತೊಳಸುವಾಗೆಲ್ಲ ಹೇಳುವಳು. ಒಂದು ಅಕ್ಷರದ ಉಚ್ಚಾರ ತಪ್ಪಿದರೆ ಅಲ್ಲಿ ಓದಿಸುವ ಹಜ್ರತ್ ಬೆತ್ತ ಬೀಸುತ್ತಿದ್ದರಂತೆ. ಇಷ್ಟೆಲ್ಲ ಓದಿಸಿದವರು, ಓದಿದವನು, ಸಕ್ಕರೆ ತಿಂದವರು, ಆ ಸಾಲುಗಳ ಅರ್ಥ ಏನು ಅಂತ ಯಾರೂ ಕೇಳಲಿಲ್ಲ. ನಮ್ಮ ಮಂದಿಯಲ್ಲಿ ಅದು ತಪ್ಪೆಂದು ಯಾರಿಗೂ ಹೊಳೆದಿರಲಿಲ್ಲ. ದೇವರ ಮಾತು ನಾಲಿಗೆಯ ಮೇಲಿದ್ದರೆ ಸಾಕು, ಅರ್ಥ ಕೆದಕುವುದು ಬೇಅದಬಿ, ಅಗೌರವ ಅಂದುಕೊಂಡಿದ್ದೆವು. ಹಾಗೆ ಓದಿದ ಹುಡುಗ ಬಾಯಿತುಂಬ ಮಾತು, ಆ ಮಾತಿನ ತಿರುಳಿಗೆ ಮಾತ್ರ ಖಾಲಿ ಜಾಗ ಇಟ್ಟುಕೊಂಡು ಬೆಳೆಯುತ್ತಾನೆ. ಆ ಖಾಲಿ ಜಾಗದಲ್ಲಿ ಯಾರು ಬೇಕಾದರೂ ಬಂದು ಕೂರಬಹುದು.

ಬಂದು ಕೂತರು. ಕಬ್ಬಿಲ್ಲದ ತಿಂಗಳುಗಳಲ್ಲಿ ಮಾಮು ದೊಡ್ಡ ಊರೊಂದಕ್ಕೆ ವರ್ಕ್‌ಶಾಪಿನ ಕೆಲಸಕ್ಕೆ ಹೋದ. ಅಲ್ಲಿ ಅವನಿದ್ದ ಕೋಣೆಗೆ ಸಂಜೆ ಒಬ್ಬ ಮನುಷ್ಯ ಬರುತ್ತಿದ್ದನಂತೆ. ಎಲ್ಲಿಯೋ ಗಲಭೆಯಾಗಿ ನಮ್ಮವರು ಸತ್ತಿದ್ದರು. ಆ ಮನುಷ್ಯ ಸತ್ತವರ ಹೆಸರು ಹೇಳಿ ಇವನನ್ನು ಅಳಿಸುತ್ತಿದ್ದ, ಆಮೇಲೆ ಮಾಮುವಿನ ಬಾಯಲ್ಲಿದ್ದ ಸಾಲುಗಳಿಗೇ ತನ್ನ ಅರ್ಥ ತುಂಬುತ್ತಿದ್ದ. ಮುಯ್ಯಿ ತೀರಿಸುವುದೂ ಒಂದು ಇಬಾದತ್ತು, ದೇವರ ಆರಾಧನೆ, ಸಿಕ್ಕವರ ಮೇಲೆ ತೀರಿಸಿದರೂ ಆದೀತು ಅಂತ. ಇದೆಲ್ಲ ನಮಗೆ ಆಮೇಲೆ ತಿಳಿದದ್ದು. ಹಂಗಾಮಿಗೆ ಮಾಮು ಮದ್ದೂರಿಗೆ ವಾಪಸು ಬಂದಾಗ ನಮಗೆ ಕಂಡಿದ್ದು ಇಷ್ಟೇ: ನಗು ನಿಂತಿತ್ತು. ಗೌಡರು ರೇಗಿಸಿದರೆ ಮುಖ ತಿರುಗಿಸುತ್ತಿದ್ದ. ಒಂದು ದಿನ ಗೌಡರ ಹೆಂಡತಿ ತಾಯಮ್ಮ ಆಲೆಮನೆಯ ಮೊದಲ ಬೆಲ್ಲದ ಎರಡು ಅಚ್ಚು ಮುತ್ತುಗದ ಎಲೆಯಲ್ಲಿ ಸುತ್ತಿ ಕಳಿಸಿದ್ದರು. ಅಮ್ಮಿ ಅವನ ತಟ್ಟೆಯ ಪಕ್ಕ ಒಂದು ಚೂರು ಇಟ್ಟಳು. ಅವನು ಅದನ್ನು ಬೆರಳಿನಿಂದ ಅಕ್ಕನ ಕಡೆಗೇ ನೂಕಿದ.

"ಅವರ ಮನೇದು ನಂಗೆ ಬೇಡ ಆಪಾ."

ದಾದಿ ತನ್ನ ಮೂಲೆಯಿಂದಲೇ ಕೇಳಿದಳು. "ಯಾಕಪ್ಪಾ, ಹೋದ್ ವರ್ಷ ಅರ್ಧ ಅಚ್ಚು ಒಬ್ಬನೇ ತಿಂದಿದ್ದೆ. ಈ ವರ್ಷ ಕಬ್ಬು ಕಹಿಯಾಯ್ತಾ?"

"ಅಲ್ಲಿ ನಮ್ಮವರು ಸಾಯ್ತಾ ಇದಾರೆ. ನೀವು ಇಲ್ಲಿ ಬೆಲ್ಲ ತಿಂತಾ ಇದೀರ."

"ತಾಯಮ್ಮ ಯಾರನ್ನ ಕೊಂದಳು?"

ಅವನು ತಟ್ಟೆ ಬಿಟ್ಟು ಎದ್ದ. ಅಮ್ಮಿ ಅತ್ತೆಯ ಮೇಲೆ ಹರಿಹಾಯ್ದಳು, ಉಣ್ಣುವ ಹುಡುಗನನ್ನು ಎಬ್ಬಿಸಿದಿರಿ ಅಂತ. ಅಬ್ಬಾ ಮುದ್ದೆ ನುಂಗಿ ಕೈ ತೊಳೆದರು. ಹುಡುಗು ಬುದ್ಧಿ, ಮದುವೆ ಮಾಡಿದರೆ ಸರಿಹೋಗುತ್ತದೆ ಅಂತ ಆ ವಾರ ಮನೆಯಲ್ಲಿ ತೀರ್ಮಾನವಾಯಿತು.

ಅದಾದ ಸ್ವಲ್ಪ ದಿನಕ್ಕೆ, ಹೊತ್ತು ಮುಳುಗುವ ವೇಳೆ. ಗಾಡಿಯವರು ಊರಾಚೆಯ ತೋಪಿನಲ್ಲಿ ನೊಗ ಇಳಿಸಿ, ಎತ್ತುಗಳನ್ನು ಗಾಲಿಗೆ ಕಟ್ಟಿ, ಟೀ ಕುಡಿಯಲು ಹೋಗಿದ್ದರು. ನಾನು ಒಲೆಯ ಮುಂದಿದ್ದೆ. ಹೊರಗೆ ಕೂಗಾಟ ಕೇಳಿತು, ಆಕಾಶ ಒಂದು ಕಡೆ ಕೆಂಪಾಗಿತ್ತು, ಅಬ್ಬಾ ಉಳಿ ಕೆಳಗಿಟ್ಟು ಓಡಿದರು. ಅವರು ಹೋದ ಸ್ವಲ್ಪ ಹೊತ್ತಿಗೆ ಮಾಮು ಹಿತ್ತಿಲ ಕಡೆಯಿಂದ ಬಂದ. ಯಾರನ್ನೂ ನೋಡದೆ ತೊಟ್ಟಿಯ ಹತ್ತಿರ ಕೈಕಾಲು ಮುಖ ತೊಳೆದು, ಮುಂದಿನ ಕೋಣೆಯ ಆ ಒರೆಸಿದ ಜಾಗದಲ್ಲಿ ಸಂಜೆಯ ಮಗ್ರಿಬ್ ನಮಾಜಿಗೆ ನಿಂತ. ದಾದಿ ಪಕ್ಕದಲ್ಲೇ ತಸ್ಬಿ ಮಣಿಸರ ಹಿಡಿದು ಕೂತಿದ್ದಳು. ಅವನು ಬಲಕ್ಕೂ ಎಡಕ್ಕೂ ಸಲಾಮು ತಿರುಗಿಸಿ ನಮಾಜ್ ಮುಗಿಸುವವರೆಗೆ ಕಾದಳು.

"ಇಸ್ಮಾಯಿಲ್, ಸೀಮೆಎಣ್ಣೆ ವಾಸನೆ ಇಟ್ಕೊಂಡು ಯಾರ ಮುಂದೆ ನಿಂತಿದ್ದೆ ಈಗ?"

ಅಮ್ಮಿ ಹಿಂದಿನ ಕೋಣೆಯಿಂದ ಬಂದವಳು ಅವನ ಅಂಗಿ ಮೂಸಿ ನೋಡಿ ಹಾಗೇ ಗೋಡೆಗೆ ಒರಗಿದಳು. ಆಮೇಲೆ ಅವನ ಅಂಗಿ ಬಿಚ್ಚಿಸಿ ಒಲೆಗೆ ಹಾಕಿಬಿಟ್ಟಳು. ನಾನು ತರಗು ತುರುಕುವುದನ್ನು ನಿಲ್ಲಿಸಿ ನೋಡುತ್ತಿದ್ದೆ. ಅಂಗಿ ಉರಿದ ರೀತಿಯಲ್ಲೇ ನನಗೆ ಎಲ್ಲ ಅರ್ಥವಾಯಿತು.

ಅಬ್ಬಾ ಮುಖದ ತುಂಬ ಮಸಿ ಬಳಿದುಕೊಂಡು ಬಂದರು. ಬೆಂಕಿ ಬಿದ್ದ ಗಾಡಿಗಳಲ್ಲಿ ಬೋರೇಗೌಡರದೂ ಒಂದು. ಗಾಲಿಗೆ ಕಟ್ಟಿದ ಎತ್ತುಗಳ ಹಗ್ಗ ಬಿಚ್ಚಲು ಗೌಡರು ಉರಿಯೊಳಗೇ ಕೈ ಹಾಕಿದ್ದರು. ಬಲಗೈ ಮೊಣಕೈವರೆಗೆ ಬೆಂದಿತ್ತು. ಒಂದು ಎತ್ತು ಉಳಿಯಿತು, ಒಂದು ಉಳಿಯಲಿಲ್ಲ. ಅಬ್ಬಾನೇ ಗೌಡರನ್ನು ಜಟಕಾದಲ್ಲಿ ಆಸ್ಪತ್ರೆಗೆ ಹಾಕಿಬಂದಿದ್ದರು. ಜನ ಸತ್ತಿಲ್ಲ, ಅದೊಂದು ದಯೆ. ಟೀ ಕಾಸುವ ಒಲೆಯಿಂದ ಕಿಡಿ ಹಾರಿತು ಅಂತ ತೋಪಿನಲ್ಲಿ ಮಾತಾಡುತ್ತಿದ್ದರಂತೆ. ಯಾರಿಗೂ ನಮ್ಮ ಮನೆಯ ಮೇಲೆ ಅನುಮಾನ ಇರಲಿಲ್ಲ. ಅಬ್ಬಾ ಇದನ್ನೆಲ್ಲ ಹೇಳುತ್ತಾ ಹೇಳುತ್ತಾ ಮಾಮುವಿನ ಮುಖ ನೋಡಿದರು.

"ಗೌಡರ ಗಾಡಿ ಅಂತ ಗೊತ್ತಿತ್ತಾ?"

"ಯಾರದಾದ್ರೇನು ಭಾಯಿ. ನಾನು ದೇವರಿಗೋಸ್ಕರ ಮಾಡಿದೆ."

"ದೇವರು ಕೇಳಿದನಾ?"

"ಕೇಳಿದಾನೆ. ಓದಿನಲ್ಲೇ ಇದೆ."

"ಓದು."

ಅವನು ಓದಿದ. ಆ ಗಂಟಲಿಗೆ ಆಗಲೂ ಏನೂ ಆಗಿರಲಿಲ್ಲ, ಅಷ್ಟೇ ಚೆನ್ನಾಗಿತ್ತು, ಅದೇ ನನಗೆ ಹೆದರಿಕೆ ತಂದದ್ದು. ಓದಿ ಮುಗಿಸಿದ ಮೇಲೆ ಅಬ್ಬಾ ಅರ್ಥ ಹೇಳು ಅಂದರು. ಆ ಮನುಷ್ಯ ಹೇಳಿದ್ದನ್ನು ಅವನು ಹೇಳತೊಡಗಿದ.

"ಅವನು ಹೇಳಿದ್ದು ಬೇಡ. ಈಗ ಓದಿದೆಯಲ್ಲ, ಒಂದೊಂದೇ ಮಾತು ತಗೊಂಡು ನಿನಗೆ ಗೊತ್ತಿರೋ ಅರ್ಥ ಹೇಳು."

ಮಾಮು ಬಾಯಿ ತೆರೆದ. ಮೊದಲ ಮಾತಿನ ಹತ್ತಿರವೇ ನಿಂತ. ಅವನ ಕಣ್ಣು ಅಬ್ಬಾನನ್ನು ಬಿಟ್ಟು ದಾದಿಯ ಕಡೆ ತಿರುಗಿತು, ಅಲ್ಲಿಂದ ಅಮ್ಮಿಯ ಕಡೆ. ದಾದಿ ತಲೆ ತಗ್ಗಿಸಿದಳು. ಅಬ್ಬಾನಿಗೂ ಗೊತ್ತಿರಲಿಲ್ಲ. ಐದು ಹೊತ್ತು ತಪ್ಪಿಸದ ಆ ಮನೆಯಲ್ಲಿ, ಹಾಗಲ್ಲ, ಅದರ ಅರ್ಥ ಹೀಗೆ ಅಂತ ಅವನಿಗೆ ಹೇಳಬಲ್ಲವರು ಒಬ್ಬರೂ ಇರಲಿಲ್ಲ.

ಬೆಳಗಿನ ನಮಾಜ್ ಆದ ಕೂಡಲೇ ಅಬ್ಬಾ ಒಗೆದ ಅಂಗಿ ತೊಟ್ಟು, ಮಾಮುವಿಗೂ ತಮ್ಮದೇ ಒಂದು ಅಂಗಿ ಕೊಟ್ಟರು. ಅಮ್ಮಿ ಬಾಗಿಲಿಗೆ ಅಡ್ಡ ನಿಂತಳು. ಅವಳು ಗಂಡನಿಗೆ ಎದುರು ಮಾತಾಡಿದ್ದನ್ನು ನಾನು ಮೊದಲು ಕಂಡದ್ದು ಅವತ್ತೇ.

"ಯಾರೂ ಕೇಳಿಲ್ಲ, ಯಾರೂ ನೋಡಿಲ್ಲ. ನೀವಾಗೇ ಯಾಕೆ? ತಾಯಿಲ್ಲದ ಮಗೂನ ಪೊಲೀಸರಿಗೆ ಕೊಟ್ಟು ಬರ್ತೀರಾ?"

"ಕೊಟ್ಟು ಬರ್ತಾ ಇಲ್ಲ. ಜೊತೇಲಿ ಹೋಗ್ತಾ ಇದೀನಿ."

"ಅವನಿಗೆ ಏನಾದ್ರೂ ಆದ್ರೆ ನಿಮ್ಮ ಮುಖ ನೋಡಲ್ಲ ನಾನು."

"ನೋಡಬೇಡ. ಗೌಡರ ಕೈಗೆ ಕಟ್ಟಿದ ಬಟ್ಟೆ ಮೇಲೆ ರಸಿಕೆ ಒಸರ್ತಾ ಇತ್ತು. ಅವರು ನನ್ನ ಹೆಗಲ ಮೇಲೆ ತಲೆ ಇಟ್ಟು, ನೀವಿದ್ರಲ್ಲ ಸಾಬ್ರೇ, ಇಲ್ದಿದ್ರೆ ಸತ್ತೋಯ್ತಿದ್ದೆ ಅಂದ್ರು. ಆ ಮಾತು ಹೊತ್ಕೊಂಡು ನಾನು ನಾಳೆ ನೆಲಕ್ಕೆ ಹಣೆ ಇಟ್ಟು ಸಜ್ದಾ ಮಾಡಕ್ಕಾಗಲ್ಲ."

ದಾದಿ ಎದ್ದು ಬಂದು ಸೊಸೆಯ ಕೈಯನ್ನು ಬಾಗಿಲ ಚೌಕಟ್ಟಿನಿಂದ ಬಿಡಿಸಿದಳು. ಇಬ್ಬರೂ ರಸ್ತೆಯಲ್ಲಿ ಪಕ್ಕಪಕ್ಕದಲ್ಲಿ ನಡೆದು ಹೋದರು. ಮಾಮು ಓಡಿಹೋಗಬಹುದಿತ್ತು, ಓಡಲಿಲ್ಲ. ಅವನ ತಲೆಯಲ್ಲಿ ಏನಿತ್ತೋ. ನನಗೆ ಕಂಡದ್ದು ಅಬ್ಬಾನ ಅಂಗಿ ಅವನಿಗೆ ದೊಡ್ಡದಾಗಿ ಭುಜದಿಂದ ಜಾರುತ್ತಿದ್ದದ್ದು.

ಎತ್ತಿನ ಸಾಲು ನಿಂತಿತು. ರಸ್ತೆಯಲ್ಲಿ ಗಾಡಿಗಳು ಹೋಗುತ್ತಿದ್ದವು, ಕುಂಟುವ ಎತ್ತೂ ನಮ್ಮ ಬಾಗಿಲು ದಾಟಿ ಕುಂಟಿಕೊಂಡೇ ಹೋಗುತ್ತಿತ್ತು. ಯಾರೂ ನಮ್ಮ ಮನೆಗೆ ಕಲ್ಲು ಹೊಡೆಯಲಿಲ್ಲ, ಅಲ್‌ಹಮ್ದುಲಿಲ್ಲಾ. ಇವನೇ ಕರಕೊಂಡು ಬಂದು ಒಪ್ಪಿಸಿದ ಅಂತ ಇನ್‌ಸ್ಪೆಕ್ಟರು ನಾಲ್ಕು ಜನರ ಮುಂದೆ ಹೇಳಿದ್ದು ನಮ್ಮನ್ನು ಉಳಿಸಿತು ಅಂತ ದಾದಿ ಹೇಳುತ್ತಿದ್ದಳು. ನಮ್ಮವರಲ್ಲೇ ಕೆಲವರು ಸಲಾಮಿಗೆ ಉತ್ತರ ಕೊಡುವುದನ್ನು ಬಿಟ್ಟರು. ಅಮ್ಮಿ ಅಡುಗೆ ಮಾಡಿ ತಟ್ಟೆ ಇಡುತ್ತಿದ್ದಳು, ಅಬ್ಬಾನ ಜೊತೆ ಮಾತಿಲ್ಲ. "ನಿಮ್ಮಪ್ಪನಿಗೆ ಉಪ್ಪು ಬೇಕಾ ಕೇಳು" ಅಂತ ನನಗೆ ಹೇಳುವಳು, ಅಬ್ಬಾ ಎದುರಿಗೇ ಕೂತಿರುತ್ತಿದ್ದರು. ಅಬ್ಬಾ ಚಿಕ್ಕರಸಿನಕೆರೆಗೆ ಹೋದರು. ಗೌಡರು ಒಳಗೆ ಮಲಗಿದ್ದರಂತೆ, ತಾಯಮ್ಮ ಬಾಗಿಲಲ್ಲೇ ತಡೆದರಂತೆ.

"ಓಗಿ ಸಾಬ್ರೇ. ಬೈಯಾಕೂ ಸಕ್ತಿ ಇಲ್ಲ ನಂಗೆ. ನಿಮ್ ತಪ್ಪಿಲ್ಲ ಅಂತ ಗೊತ್ತು ಕಣಪ್ಪ, ಆದ್ರೂ ನಿಮ್ ಮಕ ಕಂಡ್ರೆ ಆ ಎತ್ತು ಕೂಗಿದ್ದು ಕೇಳ್ತದೆ. ಓಗಿ."

ಅಬ್ಬಾ ಅದನ್ನು ಹಾಗೇ ಬಂದು ದಾದಿಗೆ ಹೇಳಿದರು. ಅವರು ಅತ್ತದ್ದನ್ನು ನಾನು ನೋಡಿದ್ದು ಆಗ ಮಾತ್ರ.

ಮುಂದಿನ ಶುಕ್ರವಾರ ಮಸೀದಿಯಲ್ಲಿ ಜುಮ್ಮಾ ನಮಾಜ್ ಮುಗಿದ ಮೇಲೆ ಅಬ್ಬಾ ಎದ್ದು ನಿಂತರಂತೆ. ನನ್ನ ಮನೆಯ ಹುಡುಗ ದೇವರ ಹೆಸರಲ್ಲಿ ಬೆಂಕಿ ಇಟ್ಟ, ಅವನು ಓದಿದ ಸಾಲಿನ ಅರ್ಥ ನನಗೆ ಗೊತ್ತಿಲ್ಲ, ಹಜ್ರತ್, ಎಲ್ಲರ ಮುಂದೆ ಹೇಳಿ ಅಂದರಂತೆ. ನಮ್ಮ ಹಜ್ರತ್ ವಯಸ್ಸಾದವರು, ನಮ್ಮೂರಿನ ಮಕ್ಕಳಿಗೆಲ್ಲ ಅಲಿಫ್ ಬೇ ತಿದ್ದಿಸಿದವರು. "ಮಿಯಾ, ನನಗೂ ಓದಿಸಿದರು, ಅರ್ಥ ಹೇಳಿಕೊಡಲಿಲ್ಲ. ಆದರೆ ನಮಾಜಿಗೆ ನಿಲ್ಲೋನು ಮೂಕಪ್ರಾಣೀನ ಸುಡಬಾರದು ಅನ್ನೋಕೆ ನನಗೆ ಅರ್ಥದ ಪುಸ್ತಕ ಬೇಕಾಗಿಲ್ಲ. ಬೇರೆಯೋರಿಗೆ ಅದು ಬೇಕಾಗುತ್ತೆ ಅಂತ ಈಗ ಗೊತ್ತಾಯ್ತು" ಅಂದರಂತೆ. ಕೆಲವರು ಗೊಣಗಿಕೊಂಡು ಎದ್ದು ಹೋದರು. ಮಂಡ್ಯದಲ್ಲಿ ಒಬ್ಬ ವಿಧವೆ ಟೀಚರ್ ಇದ್ದಾರೆ, ಅರಬ್ಬಿಯ ಅರ್ಥ ಬಲ್ಲವರು ಅಂತ ಹಜ್ರತ್ತೇ ಹೇಳಿದರು. ಹೆಣ್ಣುಮಕ್ಕಳಿಗೆ ಮಾತ್ರ ಕಲಿಸುತ್ತಾರೆ ಅಂತಲೂ ಸೇರಿಸಿದರು.

ಮನೆಯಲ್ಲಿ ಓದುವ ವಯಸ್ಸಿನ ಹೆಣ್ಣು ಅಂದರೆ ನಾನು. ದೊಡ್ಡವಳಾದ ಮೇಲೆ ನನ್ನನ್ನು ಸ್ಕೂಲು ಬಿಡಿಸುವುದೆಂದು ಮಾತಾಗಿತ್ತು. ಈಗ ರೈಲಿನಲ್ಲಿ ಮಂಡ್ಯಕ್ಕೆ ಕಳಿಸುವುದು, ಬೆಳಗ್ಗೆ ಹೈಸ್ಕೂಲು, ಮಧ್ಯಾಹ್ನ ಟೀಚರ ಮನೆ ಅಂತ ಅಬ್ಬಾ ತೀರ್ಮಾನಿಸಿದರು. ಅಮ್ಮಿ ಪಾತ್ರೆ ಕುಕ್ಕಿದಳು.

"ತಮ್ಮನ್ನ ಕಳ್ಕೊಂಡೆ. ಈಗ ಮಗಳನ್ನ ಬೀದಿಗೆ ಕಳಿಸಿ."

ದಾದಿ ಅಂದಳು: "ಗಂಡುಹುಡುಗನ್ನ ಅರ್ಥ ಇಲ್ದೆ ಓದಿಸಿ ಜಟಕಾದಲ್ಲಿ ಮೆರೆಸಿ ನೋಡಿದ್ವಿ. ಹುಡುಗಿ ಅರ್ಥ ಓದಲಿ. ಮೆರೆಸೋದು ಬೇಡ."

ಟೀಚರು ಸಿಡುಕಿನ ಹೆಂಗಸು. ರಾಗವಾಗಿ ಓದಿದರೆ "ಹಾಡಬೇಡ, ಹೇಳು" ಅನ್ನುವರು. ಒಂದೊಂದು ಮಾತಿಗೂ ಅರ್ಥ, ಆ ಮಾತು ಯಾವಾಗ, ಯಾರಿಗೆ, ಯಾತಕ್ಕೆ ಬಂತು ಅನ್ನುವುದು, ಮುಂದಿನ ಹಿಂದಿನ ಸಾಲು ಬಿಟ್ಟು ಒಂದೇ ಸಾಲು ಕಿತ್ತುಕೊಂಡರೆ ಆಗುವ ಅನಾಹುತ. ಮಾಮು ಓದಿದ್ದ ಸಾಲು ಬರುವವರೆಗೆ ನಾನು ಕಾದೆ. ಕೊನೆಗೆ ಬಂತು. ನಿಮ್ಮ ಮೇಲೆ ಬಿದ್ದವರೊಡನೆ ಹೋರಾಡಿ ಅನ್ನುವ ಅದರ ಬೆನ್ನಿಗೇ ಇದ್ದ ಸಾಲು ಮಿತಿ ಮೀರಬೇಡಿ ಅನ್ನುತ್ತಿತ್ತು. ಎರಡೂ ಒಂದೇ ಉಸಿರಿನವು. ಮಾಮುವಿಗೆ ಎರಡೂ ಬಾಯಿಪಾಠವಿತ್ತು.

ಮನೆಗೆ ಬಂದು ದಾದಿಗೆ ಹೇಳಿದೆ. ಮಾರನೆಯ ದಿನ ದಾದಿ ಪಕ್ಕದ ಮನೆಯ ಹೆಂಗಸರನ್ನು ಕರೆದಳು. ಅಬ್ಬಾ ಮುಂದಿನ ಕೋಣೆಯ ಡಬ್ಬಗಳನ್ನು ಒಂದರ ಮೇಲೊಂದು ಪೇರಿಸಿ ಜಾಗ ಮಾಡಿದರು, ಬಾಗಿಲಿಗೆ ಅಮ್ಮಿಯ ಹಳೆಯ ಸೀರೆ ಪರದೆಯಾಯಿತು. ಹೀಗೆ ಶುರುವಾದ ನನ್ನ ಅರ್ಥದ ಪಾಠ ವರ್ಷಗಟ್ಟಲೆ ನಡೆಯಿತು. ಆ ಹೆಂಗಸರು ತಮ್ಮ ಗಂಡುಮಕ್ಕಳಿಗೆ ಮನೆಯಲ್ಲಿ ಹೇಳುತ್ತಿದ್ದರು, ಹೆಣ್ಣುಮಕ್ಕಳನ್ನು ಒಬ್ಬೊಬ್ಬರಾಗಿ ಸ್ಕೂಲಿಗೆ ಹಾಕಿದರು. ಎತ್ತುಗಳು ನಿಧಾನವಾಗಿ ಬಾಗಿಲಿಗೆ ಮರಳಿದವು. ಬೋರೇಗೌಡರ ಎತ್ತು ಬರಲಿಲ್ಲ, ಅವರು ಮಂಡ್ಯದಲ್ಲಿ ಲಾಳ ಕಟ್ಟಿಸುತ್ತಾರೆಂದು ಕೇಳಿದೆವು. ಅಮ್ಮಿ ಮೂಲೆಯಲ್ಲಿ ಅಕ್ಕಿ ಆರಿಸುತ್ತಾ ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಒಂದು ದಿನ ಅವಳೇ ಅಬ್ಬಾನಿಗೆ "ಉಪ್ಪು ಸಾಕಾ" ಅಂತ ನೇರ ಕೇಳಿದಳು. ಅಬ್ಬಾ ಸಾಕು ಅಂದರು. ಅವತ್ತು ಸಾರಿಗೆ ಅವಳು ಉಪ್ಪೇ ಹಾಕಿರಲಿಲ್ಲ.

ಮಾಮು ಶಿಕ್ಷೆ ಮುಗಿಸಿ ಜೈಲಿನಿಂದ ಬಂದದ್ದು ಒಂದು ಮಧ್ಯಾಹ್ನ, ಓದು ನಡೆಯುವಾಗ. ಒಳಗೆ ಹೆಂಗಸರಿದ್ದಾರೆಂದು ಜಗಲಿಯಲ್ಲೇ ಕೂತುಬಿಟ್ಟಿದ್ದ. ನಮಗೆ ಗೊತ್ತಾಗಲಿಲ್ಲ. ಪರದೆಯ ಆಚೆಯಿಂದ ಯಾರೋ ಮೆಲ್ಲಗೆ ನನ್ನ ಹೆಸರು ಹಿಡಿದು ಕೇಳಿದರು.

"ಜೀನತ್, ಅದನ್ನ ಇನ್ನೊಂದ್ ಸಾರಿ ಹೇಳು."

ಅಮ್ಮಿಯ ಕೈಯಿಂದ ಮೊರ ಬಿತ್ತು. ನಾನು ಏಳಲಿಲ್ಲ. ಓದುತ್ತಿದ್ದ ಸಾಲನ್ನು ಬಿಟ್ಟು ಅವನದೇ ಆ ಸಾಲನ್ನು ತೆಗೆದೆ. ರಾಗವಿಲ್ಲದೆ, ಒಂದೊಂದೇ ಮಾತಿನ ಅರ್ಥ ಹೇಳಿ, ಹಿಂದಿನದು ಮುಂದಿನದು ಸೇರಿಸಿ ಹೇಳಿದೆ. ಹೆಂಗಸರು ಸೆರಗು ಎಳೆದುಕೊಂಡು ಹಿತ್ತಿಲಿನಿಂದ ಹೊರಟರು. ಅಮ್ಮಿ ಪರದೆ ಸರಿಸಿದಾಗ ಅವನು ಎರಡು ಕೈಯಲ್ಲೂ ತಲೆ ಹಿಡಿದುಕೊಂಡಿದ್ದ. ಕೂದಲು ನರೆತಿತ್ತು, ಇನ್ನೂ ಮದುವೆಯಾಗದ ಹುಡುಗನಿಗೆ.

"ನಂಗಿದು ಯಾರೂ ಹೇಳಲಿಲ್ಲ ಆಪಾ."

"ನಾವೂ ಕೇಳಿರಲಿಲ್ಲ" ಅಂದರು ಅಬ್ಬಾ. "ಬೆಂಕಿ ಬೇಡ ಅಂತ ಹೇಳೋಕೆ ಇಷ್ಟು ಓದು ಬೇಕಿತ್ತಾ, ಅದನ್ನ ನೀನೇ ಕೇಳ್ಕೋ."

ಅವನು ಎರಡು ತುತ್ತು ತಿಂದ. ಚಿಕ್ಕರಸಿನಕೆರೆಯ ಬಸ್ಸು ಎಷ್ಟು ಹೊತ್ತಿಗೆ ಅಂತ ಕೇಳಿದ. ಅಮ್ಮಿ ಬೇಡ ಅಂದಳು, ಹೊಡೆದು ಹಾಕುತ್ತಾರೆ ಅಂದಳು. ಅಬ್ಬಾ ಜೊತೆಗೆ ಬರುತ್ತೇನೆ ಅಂದರು. ಈ ಸಲ ಬೇಡ ಭಾಯಿ, ಅಂದು ಅವನು ಒಬ್ಬನೇ ಹೋದ. ಅಮ್ಮಿ ಜಗಲಿ ಬಿಟ್ಟು ಕದಲಲಿಲ್ಲ. ಇಳಿಹೊತ್ತಿನ ಅಸರ್ ನಮಾಜನ್ನೂ ಅಲ್ಲೇ ಮುಗಿಸಿದಳು. ಹೊತ್ತಿಳಿಯುವಾಗ ಬಸ್ಸು ಬಂತು, ಅವನು ಇಳಿದ. ಮೈಮೇಲೆ ಒಂದು ಗೀರೂ ಇರಲಿಲ್ಲ.

"ಏನಂದ್ರು?"

"ಏನೂ ಅನ್ನಲಿಲ್ಲ. ತಾಯಮ್ಮ ಒಳಗೆ ಹೋದರು, ಹೊರಗೆ ಬರಲೇ ಇಲ್ಲ. ಗೌಡರು ದನದ ಕೊಟ್ಟಿಗೆ ಹತ್ರ ಕೂತಿದ್ರು. ನಾನು ಬಿಸಿಲಲ್ಲಿ ನಿಂತೇ ಇದ್ದೆ. ಆಮೇಲೆ ಅವರೇ ಎದ್ದು ಹೋಗಿ ಒಂದು ಚೊಂಬು ನೀರು ತಂದು ಕೊಟ್ರು."

ಅಮ್ಮಿ ಸರಿದು ಅವನಿಗೆ ಜಗಲಿಯಲ್ಲಿ ಜಾಗ ಮಾಡಿಕೊಟ್ಟಳು.

"ಎಡಗೈಲಿ ಕೊಟ್ರು ಆಪಾ."

ಅಮ್ಮಿಯ ಮುಖ ಮೊದಲು ಕಪ್ಪಿಟ್ಟಿತು, ಅಂಥ ಅವಮಾನ ಮಾಡಿದರೇ ಅಂತ. ಆಮೇಲೆ ಗೌಡರ ಬೆಂದ ಬಲಗೈ ನೆನಪಾಗಿರಬೇಕು. ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಸೆರಗು ಬಿಟ್ಟು ಕೇಳಿದಳು.

"ಕುಡಿದೆಯಾ?"

"ಕುಡಿದೆ."